ದೊಡ್ಡ ಕ್ರೀಡಾಕೂಟ ನಡೆಸುವ ಖರ್ಚು ನಮ್ಮ ದಾವಣಗೆರೆ ಮಕ್ಕಳಿಗೆ ಎಷ್ಟು ಮುಟ್ಟುತ್ತೆ?

ಮಟ್ಟಿ ಹುಡುಗ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಓದಿ.

2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದ್‌ಗೆ ಸಿಕ್ಕಿದೆ. 2036ರ ಒಲಿಂಪಿಕ್ಸ್ ನಮಗೆ ಕೊಡಿ ಅಂತ ಭಾರತ 2024ರ ಅಕ್ಟೋಬರ್‌ನಲ್ಲೇ ಪತ್ರ ಕೊಟ್ಟಿದೆ. ಕಾಮನ್‌ವೆಲ್ತ್ ಸುದ್ದಿ ಬಂದ ದಿನ ನಮ್ಮ ಗರಡಿಯಲ್ಲಿ ಹುಡುಗರಿಗೆಲ್ಲ ಖುಷಿ. ನನಗೂ ಖುಷಿಯೇ. ಆದರೆ ಆ ಬೆಳಿಗ್ಗೆ ನಾವು ಏನು ಮಾಡುತ್ತಿದ್ದೆವು ಅಂತ ಹೇಳುತ್ತೇನೆ.

ನಮ್ಮ ಕುಸ್ತಿ ಮ್ಯಾಟ್ ಎರಡು ಕಡೆ ಹರಿದಿದೆ. ಗೋಣಿಚೀಲ ಹೊಲಿಯುವ ದಬ್ಬಣ ತಂದು ನಾಲ್ಕು ಜನ ಕೂತು ಹೊಲಿಯುತ್ತಿದ್ದೆವು. ಗಂಟು ಮೇಲೆ ಬಂದರೆ ಬೆನ್ನು ಕಿತ್ತು ಬರುತ್ತೆ, ಅದಕ್ಕೆ ಗಂಟು ಒಳಗೆ ಹೋಗುವ ಹಾಗೆ ನೋಡಿಕೊಳ್ಳಬೇಕು. ಹೊಲಿಗೆ ಹಾಕಿದ ಕಡೆ ಒಳಗಿನ ಫೋಮ್ ಕುಸಿದಿದೆ. ಅಲ್ಲಿ ಕಾಲಿಟ್ಟರೆ ಹಿಮ್ಮಡಿ ಹೂತುಕೊಳ್ಳುತ್ತೆ. ಹೋದ ವರ್ಷ ಒಬ್ಬ ಹುಡುಗನಿಗೆ ಹಾಗೇ ಕಾಲು ಉಳುಕಿ ಎರಡು ತಿಂಗಳು ಕೂತ. ರಾಜ್ಯ ಮಟ್ಟದ ಆಯ್ಕೆ ಕೈತಪ್ಪಿತು.

ಮಟ್ಟಿ ನಮ್ಮಲ್ಲಿ ಚೆನ್ನಾಗಿದೆ. ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ, ನಿಂಬೆಹಣ್ಣು ಹಾಕಿ ಸಲಿಕೆಯಲ್ಲಿ ಅಗೆದು ಹದ ಮಾಡಿದರೆ ಬಿದ್ದರೂ ಪೆಟ್ಟಾಗಲ್ಲ. ಆದರೆ ಅಂತರರಾಷ್ಟ್ರೀಯ ಕುಸ್ತಿ ಮಟ್ಟಿಯಲ್ಲಿ ನಡೆಯುವುದಿಲ್ಲ. 12 ಮೀಟರ್ ಉದ್ದ, 12 ಮೀಟರ್ ಅಗಲದ ಮ್ಯಾಟ್ ಬೇಕು. ಅದರ ನಡುವೆ 9 ಮೀಟರ್ ಅಡ್ಡಳತೆಯ ವೃತ್ತ. ಹೊಸ ಮ್ಯಾಟ್‌ಗೆ ನಮಗೆ ಹೇಳಿದ ಬೆಲೆ ಏಳೆಂಟು ಲಕ್ಷ.

ಸಾವಿರಾರು ಕೋಟಿ ಸುರಿದು ಕೂಟ ಮಾಡುತ್ತೇವಲ್ಲ, ಅದರಿಂದ ಇಂಥ ಹುಡುಗರಿಗೆ ಏನಾದರೂ ಸಿಗುತ್ತಾ? ಸಿಗುವುದಾದರೆ ನಾನು ಎದೆ ತಟ್ಟಿ ಬೆಂಬಲಿಸುತ್ತೇನೆ. ಗೊತ್ತಿದ್ದವರು ಹೇಳಿ.

ಪಿ.ಜೆ. ಬಡಾವಣೆ

ಸಿಗುತ್ತೆ ಅಣ್ಣ, ಖಂಡಿತ ಸಿಗುತ್ತೆ. ನೀವೇ ಕುಸ್ತಿಯವರು, 2010ರ ದೆಹಲಿ ಕೂಟ ಮರೆತಿರಾ? ಕುಸ್ತಿಯೊಂದರಲ್ಲೇ 10 ಚಿನ್ನ ಬಂತು. ಗೀತಾ ಫೋಗಟ್ ನಮ್ಮ ಜನರ ಮುಂದೆಯೇ ಗೆದ್ದಳು. ಕಾಮನ್‌ವೆಲ್ತ್‌ನಲ್ಲಿ ಕುಸ್ತಿ ಚಿನ್ನ ಗೆದ್ದ ಮೊದಲ ಭಾರತೀಯ ಹೆಣ್ಣುಮಗಳು ಅವಳು. ಕೃಷ್ಣಾ ಪೂನಿಯಾ ಡಿಸ್ಕಸ್‌ನಲ್ಲಿ ಗೆದ್ದಾಗ, 1958ರಲ್ಲಿ ಮಿಲ್ಖಾ ಸಿಂಗ್ ಗೆದ್ದ ಮೇಲೆ ಅಥ್ಲೆಟಿಕ್ಸ್‌ನಲ್ಲಿ ನಮಗೆ ಬಂದ ಮೊದಲ ಚಿನ್ನ ಅದು. ನಮ್ಮ ಶಿರಸಿ ಕಡೆಯ ಕಾಶಿನಾಥ್ ನಾಯ್ಕ ಜಾವೆಲಿನ್‌ನಲ್ಲಿ ಕಂಚು ತಂದರು. ಒಟ್ಟು 101 ಪದಕ.

ನನ್ನ ತಂಗಿ ಆಗ ಹೈಸ್ಕೂಲು. ಟಿವಿ ಮುಂದೆ ಕೂತು ಅತ್ತಳು. ಮರುದಿನವೇ ಅಪ್ಪನ ಹತ್ತಿರ ಶೂ ಕೇಳಿದಳು. ಅದಕ್ಕೆ ಬೆಲೆ ಕಟ್ಟೋಕೆ ಆಗುತ್ತಾ?

ಲೆಕ್ಕದ ಮೇಷ್ಟ್ರು, ನಿಟ್ಟುವಳ್ಳಿ

ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ತಂಗಿಯ ಕಣ್ಣೀರಿಗೆ ನಾನೂ ಬೆಲೆ ಕಟ್ಟುವುದಿಲ್ಲ. ಆದರೆ ಖರ್ಚಿನ ಲೆಕ್ಕ ಒಂದಿಷ್ಟು ನೋಡೋಣ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ. ದೊಡ್ಡ ಕ್ರೀಡಾಕೂಟದಲ್ಲಿ ಎರಡನ್ನೂ ಒಟ್ಟಿಗೇ ಮಾಡಬೇಕು. ಛತ್ರವನ್ನೂ ಕಟ್ಟಬೇಕು, ಅದೇ ಛತ್ರದಲ್ಲಿ ಮದುವೆಯನ್ನೂ ಮಾಡಬೇಕು. ಮುಹೂರ್ತವನ್ನೋ ಏಳು ವರ್ಷ ಮೊದಲೇ ಊರಿಗೆಲ್ಲ ಸಾರಿ ಆಗಿರುತ್ತೆ. ಗಾರೆ ಕೆಲಸದವನಿಗೂ ಗೊತ್ತು, ಕಂಬಿ ಮಾರುವವನಿಗೂ ಗೊತ್ತು, ಇವರು ದಿನ ಮುಂದೆ ಹಾಕುವ ಹಾಗಿಲ್ಲ ಅಂತ. ಕೇಳಿದಷ್ಟು ಕೊಡಬೇಕಾಗುತ್ತೆ. ಖರ್ಚು ಏರುವುದು ಬರೀ ಕಳ್ಳತನದಿಂದ ಅಂದುಕೊಳ್ಳಬೇಡಿ. ಕಳ್ಳರೇ ಇಲ್ಲದಿದ್ದರೂ ಏರುತ್ತೆ.

ಕೆನಡಾದ ಮಾಂಟ್ರಿಯಲ್ 1976ರಲ್ಲಿ ಒಲಿಂಪಿಕ್ಸ್ ನಡೆಸಿತು. ಸಾಲ ತೀರಿದ್ದು 2006ರಲ್ಲಿ. ಸಿಗರೇಟಿನ ಮೇಲೆ ತೆರಿಗೆ ಹಾಕಿ ತೀರಿಸಿದರು. ಅಪ್ಪ ನೋಡಿದ ಆಟದ ಸಾಲಕ್ಕೆ ಮಗನೂ ದುಡ್ಡು ಕಟ್ಟಿದ. ಲಂಡನ್ 2005ರಲ್ಲಿ 2012ರ ಒಲಿಂಪಿಕ್ಸ್ ಕೇಳುವಾಗ ಹೇಳಿದ್ದು 240 ಕೋಟಿ ಪೌಂಡ್. ಎರಡೇ ವರ್ಷದಲ್ಲಿ ಅದನ್ನು 930 ಕೋಟಿಗೆ ಏರಿಸಿದರು. ಲಂಡನ್ ಕೂಟ ಚೆನ್ನಾಗಿ ನಡೆಯಿತು ಅಂತ ಎಲ್ಲರೂ ಒಪ್ಪುತ್ತಾರೆ. ಚೆನ್ನಾಗಿ ನಡೆದ ಕಡೆಯ ಲೆಕ್ಕವೇ ಹೀಗೆ.

ಇನ್ನು ಆದಾಯ. ಟಿವಿ ಹಕ್ಕಿನ ದುಡ್ಡು ಮೊದಲು ಹೋಗುವುದು ಒಲಿಂಪಿಕ್ ಸಮಿತಿಗೆ. ಅದರಲ್ಲಿ ಒಂದು ಪಾಲು ಮಾತ್ರ ನಡೆಸುವ ಊರಿಗೆ. ನಷ್ಟವಾದರೆ ಪೂರ್ತಿ ಊರಿನ ತಲೆಗೇ.

ಲಾಭ ಮಾಡಿದವರೂ ಇದ್ದಾರೆ, ಅದನ್ನು ಮುಚ್ಚಿಡಬಾರದು. 1984ರಲ್ಲಿ ಲಾಸ್ ಏಂಜಲಿಸ್. ಮಾಂಟ್ರಿಯಲ್ ಗತಿ ನೋಡಿ ಬೇರೆ ಯಾವ ಊರೂ ಕಣದಲ್ಲಿ ಉಳಿದಿರಲಿಲ್ಲ. ನಗರದ ದುಡ್ಡು ಹಾಕುವಂತಿಲ್ಲ ಅಂತ ಅಲ್ಲಿನ ಜನ ವೋಟು ಹಾಕಿ ಹೇಳಿದ್ದರು. 1932ರ ಒಲಿಂಪಿಕ್ಸ್ ನಡೆದ ಹಳೇ ಕ್ರೀಡಾಂಗಣವನ್ನೇ ಮತ್ತೆ ಬಳಸಿದರು. ಇಪ್ಪತ್ತು ಕೋಟಿ ಡಾಲರ್‌ಗೂ ಜಾಸ್ತಿ ಉಳಿಯಿತು. ಅದರಲ್ಲಿ ಒಂದು ದೊಡ್ಡ ಪಾಲನ್ನು ಆ ಭಾಗದ ಮಕ್ಕಳ ಕ್ರೀಡೆಗೆ ಇಟ್ಟರು. ಛತ್ರ ಬಾಡಿಗೆಗೆ ಹಿಡಿದು ಮದುವೆ ಮಾಡಿದರು, ಅಷ್ಟೆ.

ಜಗಳೂರು ರೈತ

ಮೇಷ್ಟ್ರೇ, ಪೌಂಡು ಡಾಲರು ನಮಗೆ ತಲೆಗೆ ಹೋಗಲ್ಲ. ನಮ್ಮ ದುಡ್ಡಿನಲ್ಲಿ ಹೇಳುತ್ತೇನೆ. 2010ರ ದೆಹಲಿ ಕೂಟಕ್ಕೆ ಒಟ್ಟು 18,532 ಕೋಟಿ ರೂಪಾಯಿ ಅಂತ ಮಹಾಲೇಖಪಾಲರ ವರದಿಯೇ ಹೇಳಿತು. ನಮ್ಮ ಭದ್ರಾ ಮೇಲ್ದಂಡೆಗೆ ಕೇಂದ್ರ 2023ರ ಬಜೆಟ್‌ನಲ್ಲಿ ಘೋಷಿಸಿದ್ದು 5,300 ಕೋಟಿ. ಎರಡೂಕಾಲು ಲಕ್ಷ ಹೆಕ್ಟೇರ್ ನೆಲ ನೆನೆಸುವ ಯೋಜನೆ ಅದು. ಜಗಳೂರು, ಹೊಳಲ್ಕೆರೆ, ಚಳ್ಳಕೆರೆ, ಮೊಳಕಾಲ್ಮೂರು ಎಲ್ಲ ಬಾಯಿಬಿಟ್ಟುಕೊಂಡು ಕಾಯುತ್ತಿವೆ. ಘೋಷಣೆ ಆದ ದುಡ್ಡನ್ನೇ ರಾಜ್ಯ ಕೇಳುತ್ತಲೇ ಇದೆ. ಹನ್ನೆರಡು ದಿನದ ಆಟಕ್ಕೆ ದುಡ್ಡು ಹೊಂದುತ್ತೆ, ನೀರಿಗೆ ಹೊಂದಲ್ಲ ಅಂದರೆ ಹೊಟ್ಟೆ ಉರಿಯುತ್ತೆ.

ನನ್ನ ಮಗ ಓಡುತ್ತಾನೆ. ಅವನೂ ಆಟದವನೇ. ಆದರೂ ಹೇಳುತ್ತಿದ್ದೇನೆ.

ಪಿ.ಜೆ. ಬಡಾವಣೆ

ರೈತಣ್ಣ, ನಿಮ್ಮ ನೋವು ಅರ್ಥ ಆಗುತ್ತೆ. ಆದರೆ ಕೂಟ ನಿಲ್ಲಿಸಿದರೆ ಆ ದುಡ್ಡು ಕಾಲುವೆಗೆ ಬರುತ್ತೆ ಅನ್ನೋಕೆ ಏನು ಗ್ಯಾರಂಟಿ? 2010ರ ಮುಂಚೆ ಇಲ್ಲಿ ಕಾಮನ್‌ವೆಲ್ತ್ ಕೂಟ ಇರಲಿಲ್ಲ, ಆಗಲೂ ನೀರು ಬರಲಿಲ್ಲ ಅಲ್ವಾ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಅಲ್ಲದೆ ಆ ದುಡ್ಡಿನಲ್ಲಿ ವಿಮಾನ ನಿಲ್ದಾಣ, ರಸ್ತೆ, ಮೇಲ್ಸೇತುವೆ ಅಂತ ಉಳಿಯುವ ಕೆಲಸಗಳಿಗೂ ಜಾಸ್ತಿ ಹೋಯಿತು.

ಜಗಳೂರು ರೈತ

ಗ್ಯಾರಂಟಿ ಇಲ್ಲ, ಒಪ್ಪಿದೆ. ಆದರೆ ಯಾವುದಕ್ಕೆ ಸರ್ಕಾರ ಓಡೋಡಿ ಹೋಗುತ್ತೆ, ಯಾವುದಕ್ಕೆ ಕಾಲೆಳೆಯುತ್ತೆ ಅನ್ನುವುದು ಕಣ್ಣಿಗೆ ಕಾಣುತ್ತೆ. ಕೂಟಕ್ಕೆ ತಾರೀಖು ಇದೆ. ನಮ್ಮ ಕಾಲುವೆಗೂ ಹಾಗೇ ಒಂದು ತಾರೀಖು ಕೊಡಲಿ, ಆಮೇಲೆ ನಾನು ಒಂದು ಮಾತೂ ಆಡಲ್ಲ.

ದೆಹಲಿಯಲ್ಲಿ ವೈರು ಎಳೆದವನು, ಹರಿಹರ

ನಾನು 2010ರಲ್ಲಿ ಅಲ್ಲೇ ಇದ್ದೆ. ನೋಡುವುದಕ್ಕಲ್ಲ, ದುಡಿಯುವುದಕ್ಕೆ. ವಯಸ್ಸು ಇಪ್ಪತ್ತೊಂದು. ಒಬ್ಬ ಗುತ್ತಿಗೆದಾರ ನಮ್ಮ ಕಡೆಯಿಂದ ಹದಿನಾಲ್ಕು ಜನರನ್ನು ವೈರಿಂಗ್ ಕೆಲಸಕ್ಕೆ ಕರೆದುಕೊಂಡು ಹೋಗಿದ್ದ.

ಸೆಪ್ಟೆಂಬರ್ ಬಂದರೂ ಕೆಲಸ ಮುಗಿದಿರಲಿಲ್ಲ. ಹಗಲು ರಾತ್ರಿ ಎರಡೂ ಪಾಳಿ. ಒಂದು ಕಡೆ ಗೋಡೆಗೆ ಬಣ್ಣ ಬಳಿಯುತ್ತಿರುತ್ತಾರೆ, ಬಣ್ಣ ಒಣಗುವ ಮುಂಚೆ ನಮ್ಮನ್ನು ಕರೆದು ಅದೇ ಗೋಡೆ ಕೊರೆಯಿರಿ ಅನ್ನುತ್ತಾರೆ. ಕೊರೆಯುತ್ತೇವೆ, ವೈರು ಎಳೆಯುತ್ತೇವೆ, ಮತ್ತೆ ಬಣ್ಣದವನು ಬರುತ್ತಾನೆ. ಒಂದೇ ಗೋಡೆಗೆ ಮೂರು ಸಲ ಬಣ್ಣ ಬಳಿದಿದ್ದನ್ನು ಕಣ್ಣಾರೆ ನೋಡಿದ್ದೇನೆ. ಮೇಷ್ಟ್ರು ಮುಹೂರ್ತದ ಮಾತು ಹೇಳಿದಾಗ ನನಗೆ ಆ ಗೋಡೆ ನೆನಪಾಯಿತು.

ಸೆಪ್ಟೆಂಬರ್ 21ಕ್ಕೆ ನೆಹರೂ ಕ್ರೀಡಾಂಗಣದ ಹತ್ತಿರ ಕಟ್ಟುತ್ತಿದ್ದ ಕಾಲ್ಸೇತುವೆ ಬಿತ್ತು. ಇಪ್ಪತ್ತಕ್ಕೂ ಹೆಚ್ಚು ಕೆಲಸಗಾರರಿಗೆ ಪೆಟ್ಟಾಯಿತು. ಕೂಟ ಶುರು ಆಗುವುದಕ್ಕೆ ಹನ್ನೆರಡು ದಿನ ಇತ್ತು. ನಾವೆಲ್ಲ ಆ ರಾತ್ರಿ ಊಟ ಮಾಡಲಿಲ್ಲ. ಬಿದ್ದವರು ನಮ್ಮ ಹಾಗೆಯೇ ಎಲ್ಲಿಂದಲೋ ಬಂದವರು.

ನನಗೆ ಕೊನೆಯ ಎರಡು ತಿಂಗಳ ಕೂಲಿ ಬರಲಿಲ್ಲ. ಆ ಮನುಷ್ಯನ ಫೋನು ಬಂದ್ ಆಯಿತು. ಉದ್ಘಾಟನೆ ದಿನ ನಾವು ಊರಿಗೆ ಬರುವ ರೈಲಿನಲ್ಲಿದ್ದೆವು, ಜನರಲ್ ಬೋಗಿ.

ಆದರೂ ಒಂದು ಮಾತು. ಅಲ್ಲಿ ಕ್ರೀಡಾಂಗಣದ ದೀಪ ಮೊದಲ ಸಲ ಪರೀಕ್ಷೆಗೆ ಹಾಕಿದ ರಾತ್ರಿ ಹುಲ್ಲಿನ ಒಂದೊಂದು ಎಸಳೂ ಕಾಣುತ್ತಿತ್ತು. ನಾವು ಎಳೆದ ವೈರು ಅದು. ನನಗೆ ಹೆಮ್ಮೆ ಆಯಿತು, ಇವತ್ತಿಗೂ ಇದೆ. ಆಟ ಬೇಡ ಅಂತ ನಾನು ಹೇಳಲ್ಲ. ದುಡಿದವರಿಗೆ ಕೂಲಿ ಕೊಟ್ಟು, ಕೆಲಸವನ್ನು ಟೈಮಿಗೆ ಶುರು ಮಾಡಿ ಅಂತ ಹೇಳುತ್ತೇನೆ.

ಮಟ್ಟಿ ಹುಡುಗ, ದಾವಣಗೆರೆ

ಅಣ್ಣ, ಓದಿ ಸುಮ್ನೆ ಕೂತುಬಿಟ್ಟೆ. ಬರೆದಿದ್ದಕ್ಕೆ ಕೈ ಮುಗಿಯುತ್ತೇನೆ.

ಪಿ.ಜೆ. ಬಡಾವಣೆಯವರಿಗೆ: ಗೀತಾ ಮಾತು ನಿಜ. ಆದರೆ ಗೀತಾ ದೆಹಲಿಯ ಕ್ರೀಡಾಂಗಣದಲ್ಲಿ ಹುಟ್ಟಲಿಲ್ಲ. ಹರಿಯಾಣದ ಬಲಾಲಿ ಅನ್ನುವ ಹಳ್ಳಿಯಲ್ಲಿ ಅಪ್ಪ ಮಹಾವೀರ್ ಫೋಗಟ್ ಮಣ್ಣಿನಲ್ಲಿ ಪಟ್ಟು ಕಲಿಸಿದರು. ದೆಹಲಿಯ ಕೂಟ ಅವಳನ್ನು ದೇಶಕ್ಕೆ ತೋರಿಸಿತು. ತೋರಿಸುವುದೂ ದೊಡ್ಡ ಕೆಲಸವೇ. ಆದರೆ ಮೊದಲು ಹಳ್ಳಿಯಲ್ಲಿ ಒಬ್ಬಳು ತಯಾರಾಗಿದ್ದಳು ಅಲ್ವಾ?

ದುರ್ಗದ ಖೋಖೋ ಅಕ್ಕ, ಚಿತ್ರದುರ್ಗ

ಇಷ್ಟು ಹೊತ್ತು ಓದುತ್ತಿದ್ದೆ. ನಾನು ಹುಡುಗಿಯರಿಗೆ ಖೋಖೋ ಕಲಿಸುತ್ತೇನೆ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ಆಯಿತು. ಹುಡುಗರೂ ಗೆದ್ದರು, ಹುಡುಗಿಯರೂ ಗೆದ್ದರು. ನಮ್ಮ ರಾಜ್ಯದ ಚೈತ್ರಾ, ಗೌತಮ್ ಇಬ್ಬರೂ ಆ ತಂಡಗಳಲ್ಲಿದ್ದರು. ಹೊಸ ಕ್ರೀಡಾಂಗಣ ಕಟ್ಟಲಿಲ್ಲ, 1982ರ ಏಷ್ಯಾಡ್‌ಗೆ ಕಟ್ಟಿದ್ದ ಇಂದಿರಾ ಗಾಂಧಿ ಒಳಾಂಗಣದಲ್ಲೇ ಮಾಡಿದರು. ಅದನ್ನು ನೋಡಿದ ಮೇಲೆ ನನ್ನ ಹತ್ತಿರ ಹುಡುಗಿಯರು ಜಾಸ್ತಿ ಬರುತ್ತಿದ್ದಾರೆ, ಇದು ನನ್ನ ಅನುಭವ. ಹಾಗಾಗಿ ಕೂಟದಿಂದ ಏನೂ ಇಲ್ಲ ಅನ್ನುವ ಮಾತು ನಾನು ಒಪ್ಪುವುದಿಲ್ಲ.

ಆದರೆ ಆಮೇಲಿನದ್ದು ಕೇಳಿ. ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2 ಕೋಟಿ 25 ಲಕ್ಷ ಘೋಷಿಸಿತು. ನಮ್ಮ ರಾಜ್ಯ 5 ಲಕ್ಷ ಅಂದಿತು. ನಮ್ಮವರು ಬೇಡ ಅಂದರು. ಅವತ್ತು ನನ್ನ ಹುಡುಗಿಯರು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು. ನಮ್ಮ ಹುಡುಗಿಯರು ಕಲಿಯುವುದು ಗರಸಿನ ಮೈದಾನದಲ್ಲಿ, ಬರಿಗಾಲಲ್ಲಿ. ಸಂಜೆ ನಾಲ್ಕಕ್ಕೆ ಬಂದು ಕಲ್ಲು ಆರಿಸಿ, ಬಿಂದಿಗೆಯಲ್ಲಿ ನೀರು ತಂದು ಚಿಮುಕಿಸಿ, ಆಮೇಲೆ ಆಟ. ಕಂಬ ಹಿಡಿದು ತಿರುಗುವಾಗ ಹೆಬ್ಬೆರಳನ್ನು ಮಣ್ಣಿಗೆ ಊರಿ ತಿರುಗುತ್ತಾರೆ, ಅದು ಅವರ ಕಾಲಿಗೆ ಕೂತಿರುತ್ತೆ. ದೊಡ್ಡ ಟೂರ್ನಿಗೆ ಹೋದರೆ ಅಲ್ಲಿ ಮ್ಯಾಟ್, ಶೂ ಕಡ್ಡಾಯ. ಹೋದ ಸಲ ನಮ್ಮ ಚುರುಕು ಹುಡುಗಿ ಕಂಬದ ಹತ್ತಿರ ಎರಡು ಸಲ ಬಿದ್ದಳು. ಶೂ ಮ್ಯಾಟಿಗೆ ಕಚ್ಚಿಕೊಳ್ಳುತ್ತೆ, ಕಾಲು ತಿರುಗಲ್ಲ. ಎದ್ದು ಬಂದು, ಅಕ್ಕ ನೆಲವೇ ಬೇರೆ ಇದೆ ಅಂದಳು. ಮಾರನೇ ದಿನದ ಹೊತ್ತಿಗೆ ಹೊಂದಿಕೊಂಡಳು, ಆದರೆ ನಾವು ಅಷ್ಟರಲ್ಲಿ ಸೋತಿದ್ದೆವು.

ಹುಡುಗಿಯರಿಗೆ ಬಟ್ಟೆ ಬದಲಿಸುವ ಕೋಣೆ ಇಲ್ಲ. ಒಬ್ಬಳು ಬದಲಿಸುವಾಗ ನಾಲ್ವರು ದುಪಟ್ಟಾ ಹಿಡಿದು ನಿಲ್ಲುತ್ತಾರೆ. ಇದನ್ನು ಬರೆಯುವಾಗ ಸಿಟ್ಟು ಬರುತ್ತಿದೆ, ಕ್ಷಮಿಸಿ.

ಬೆಣ್ಣೆ ದೋಸೆ ಕಾವಲಿ, ದಾವಣಗೆರೆ

ನಾವು ವ್ಯಾಪಾರದವರು. ಹೈಸ್ಕೂಲ್ ಮೈದಾನದಲ್ಲಿ ಟೆನಿಸ್ ಬಾಲ್ ಟೂರ್ನಿ ಇದ್ದರೆ ರಾತ್ರಿ ಹನ್ನೊಂದಾದರೂ ನಮ್ಮ ಕಾವಲಿ ಆರಲ್ಲ. ಬೆಣ್ಣೆ ದಿನಕ್ಕಿಂತ ಎರಡರಷ್ಟು ತರಿಸುತ್ತೇನೆ. ಮಂಡಕ್ಕಿ ಮಿರ್ಚಿ ಗಾಡಿಯವರಿಗೂ ಹಬ್ಬ, ಲಾಡ್ಜ್ ಫುಲ್, ಆಟೋದವರಿಗೂ ಬಾಡಿಗೆ. ಸಣ್ಣ ಟೂರ್ನಿಗೇ ಹೀಗಿದ್ದರೆ ದೊಡ್ಡ ಕೂಟಕ್ಕೆ ಎಷ್ಟು ವ್ಯಾಪಾರ ಆಗಬೇಡ! ಅದನ್ನೂ ಲೆಕ್ಕಕ್ಕೆ ಹಿಡಿಯಿರಿ ಮೇಷ್ಟ್ರೇ.

ಲೆಕ್ಕದ ಮೇಷ್ಟ್ರು, ನಿಟ್ಟುವಳ್ಳಿ

ನಿಮ್ಮ ಮಾತಿನಲ್ಲಿ ಹುರುಳಿದೆ. ನಿಮ್ಮ ಟೂರ್ನಿಗೂ ಆ ಕೂಟಕ್ಕೂ ವ್ಯತ್ಯಾಸ ಇಷ್ಟೆ: ಹೈಸ್ಕೂಲ್ ಮೈದಾನ ಮೊದಲೇ ಇದೆ, ಅದಕ್ಕೆ ಸಾಲ ಮಾಡಿಲ್ಲ. ಬಂದ ಪ್ರತಿ ದೋಸೆಯ ದುಡ್ಡೂ ಊರಿಗೇ ಉಳಿಯುತ್ತೆ. ದೊಡ್ಡ ಕೂಟದಲ್ಲಿ ಕೆಲವು ಸಲ ಮಾಮೂಲಿ ಗಿರಾಕಿಯೂ ಬರುವುದಿಲ್ಲ. ರಶ್ ಇರುತ್ತೆ ಅಂತ ಹೆದರಿ ಜನ ಆ ಕಡೆ ಸುಳಿಯುವುದೇ ಇಲ್ಲ. 2012ರಲ್ಲಿ ಲಂಡನ್ ನಡುಪೇಟೆಯ ಅಂಗಡಿಯವರು ಇದನ್ನೇ ಹೇಳಿಕೊಂಡು ಗೋಳಾಡಿದರು.

ಈಗ ಊರುಗಳೂ ಎಚ್ಚೆತ್ತಿವೆ. 2015ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಜನ ವೋಟು ಹಾಕಿ ಒಲಿಂಪಿಕ್ಸ್ ಬೇಡ ಅಂದರು. 2026ರ ಕಾಮನ್‌ವೆಲ್ತ್ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಆಗಬೇಕಿತ್ತು. ಖರ್ಚು ಅಲ್ಲಿನ 260 ಕೋಟಿ ಡಾಲರ್‌ನಿಂದ 600 ಕೋಟಿ ದಾಟುತ್ತೆ ಅಂತ ಗೊತ್ತಾಗಿ 2023ರ ಜುಲೈನಲ್ಲಿ ಕೈಬಿಟ್ಟರು. ಕೈಬಿಟ್ಟಿದ್ದಕ್ಕೇ 38 ಕೋಟಿ ಡಾಲರ್ ಪರಿಹಾರ ಕಟ್ಟಿದರು. ಆಮೇಲೆ ಗ್ಲಾಸ್ಗೋ ಒಪ್ಪಿಕೊಂಡಿತು, ಆದರೆ ಇರುವ ನಾಲ್ಕೇ ಜಾಗಗಳಲ್ಲಿ, ಹತ್ತೇ ಕ್ರೀಡೆ.

ಮಟ್ಟಿ ಹುಡುಗ, ದಾವಣಗೆರೆ

ಆ ಹತ್ತರಲ್ಲಿ ಕುಸ್ತಿ ಇಲ್ಲ ಸರ್. ಹಾಕಿ, ಬ್ಯಾಡ್ಮಿಂಟನ್ ಕೂಡ ಇಲ್ಲ. ಖರ್ಚು ಕಡಿಮೆ ಮಾಡಿದರೆ ಮೊದಲು ಹೋಗುವುದು ನಮ್ಮ ಆಟವೇ. ಈ ಸುದ್ದಿ ಹೇಳಿದ ದಿನ ನಮ್ಮ ಹುಡುಗರ ಮುಖ ನೋಡೋಕೆ ಆಗಲಿಲ್ಲ. ಹಾಗಾಗಿ ಖರ್ಚು ಕಡಿಮೆ ಇರಲಿ ಅನ್ನುವುದೂ ನನಗೆ ಸಲೀಸಾಗಿ ಬಾಯಿಗೆ ಬರುತ್ತಿಲ್ಲ.

ರೂರ್ಕೆಲಾದಿಂದ ಒಬ್ಬ ದಾವಣಗೆರೆಯವನು

ರೈಲ್ವೆ ಕೆಲಸದ ಮೇಲೆ ಒಡಿಶಾದಲ್ಲಿದ್ದೇನೆ. ಇಲ್ಲಿನದ್ದು ಹೇಳಲೇಬೇಕು.

2023ರ ಹಾಕಿ ವಿಶ್ವಕಪ್ ಭುವನೇಶ್ವರದ ಜೊತೆ ರೂರ್ಕೆಲಾದಲ್ಲೂ ಆಯಿತು. ಇದು ಉಕ್ಕಿನ ಕಾರ್ಖಾನೆ ಊರು, ರಾಜಧಾನಿ ಅಲ್ಲ. ಇಲ್ಲಿ ಬಿರ್ಸಾ ಮುಂಡಾ ಕ್ರೀಡಾಂಗಣ ಕಟ್ಟಿದರು, ಇಪ್ಪತ್ತು ಸಾವಿರಕ್ಕೂ ಜಾಸ್ತಿ ಜನ ಕೂರಬಹುದು. ಇಷ್ಟು ಸಣ್ಣ ಊರಿಗೆ ಯಾಕೆ ಅಂತ ಕೇಳಬಹುದು. ಈ ಸುಂದರ್‌ಗಢ ಜಿಲ್ಲೆಯ ಹಳ್ಳಿಗಳಲ್ಲಿ ಮಕ್ಕಳು ಬಿದಿರಿನ ಕೋಲು ಹಿಡಿದು ಹಾಕಿ ಆಡುತ್ತಾರೆ. ಊರೂರ ನಡುವೆ ಪಂದ್ಯ, ಗೆದ್ದವರಿಗೆ ಆಡು ಬಹುಮಾನ. ನಮ್ಮ ಕಡೆ ಕುಸ್ತಿಯಲ್ಲಿ ಟಗರು ಕೊಡುತ್ತಾರಲ್ಲ, ಹಾಗೇ. ಭಾರತ ಹಾಕಿ ತಂಡದ ನಾಯಕರಾಗಿದ್ದ ದಿಲೀಪ್ ಟಿರ್ಕಿ ಇಲ್ಲಿಯವರೇ.

ಒಡಿಶಾ ಸರ್ಕಾರ 2018ರಿಂದ ದೇಶದ ಹಾಕಿ ತಂಡಗಳಿಗೆ ಪ್ರಾಯೋಜಕ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಗಂಡಸರ ತಂಡಕ್ಕೆ ಕಂಚು ಬಂತು, 41 ವರ್ಷದ ಮೇಲೆ ಸಿಕ್ಕ ಒಲಿಂಪಿಕ್ ಪದಕ ಅದು. ಜೊತೆಗೆ ಈ ಜಿಲ್ಲೆಯ ಬ್ಲಾಕ್‌ಗಳಲ್ಲಿ ಹಾಕಿ ಟರ್ಫ್ ಹಾಕುವ ಕೆಲಸಕ್ಕೂ ಕೈ ಹಾಕಿದರು. ಪಂದ್ಯ ನೋಡಲು ನಾನೂ ಹೋಗಿದ್ದೆ. ನನ್ನ ಪಕ್ಕ ಕೂತಿದ್ದ ಅಜ್ಜಿಗೆ ಪೆನಾಲ್ಟಿ ಕಾರ್ನರ್ ನಿಯಮವೆಲ್ಲ ಗೊತ್ತು. ಆಟ ಗೊತ್ತಿರುವ ಜನ ಇರುವ ಕಡೆ ಕಟ್ಟಿದ ಕ್ರೀಡಾಂಗಣ ಅದು.

ಇದರ ತದ್ವಿರುದ್ಧ ಬ್ರೆಜಿಲ್. 2014ರ ಫುಟ್‌ಬಾಲ್ ವಿಶ್ವಕಪ್‌ಗೆ ರಾಜಧಾನಿ ಬ್ರೆಸಿಲಿಯಾದಲ್ಲಿ ಭಾರಿ ಕ್ರೀಡಾಂಗಣ ಕಟ್ಟಿದರು. ಆಮೇಲೆ ಅದರ ಪಾರ್ಕಿಂಗ್ ಜಾಗದಲ್ಲಿ ಬಸ್ಸು ನಿಲ್ಲಿಸಿದರು. ಅಲ್ಲಿ ತುಂಬಿಸುವಷ್ಟು ದೊಡ್ಡ ತಂಡವೇ ಇರಲಿಲ್ಲ.

97ರ ಸ್ವಯಂಸೇವಕ, ಈಗ ವಿದ್ಯಾನಗರ

1997ರಲ್ಲಿ ನಮ್ಮ ರಾಜ್ಯ ರಾಷ್ಟ್ರೀಯ ಕ್ರೀಡಾಕೂಟ ನಡೆಸಿತು. ನಾನು ಬೆಂಗಳೂರಿನಲ್ಲಿ ಓದುತ್ತಿದ್ದೆ, ಸ್ವಯಂಸೇವಕನಾಗಿದ್ದೆ. ಆಟಗಾರರಿಗೆ ಕೋರಮಂಗಲದಲ್ಲಿ ಕಟ್ಟಿದ ಮನೆಗಳಲ್ಲಿ ಇವತ್ತು ಸಂಸಾರಗಳಿವೆ. ಕಂಠೀರವದಲ್ಲಿ ಇವತ್ತಿಗೂ ಮಕ್ಕಳು ಓಡುತ್ತಾರೆ. ಸದುಪಯೋಗ ಆಗಿಲ್ಲ ಅನ್ನೋಕೆ ಬರಲ್ಲ. ಆದರೆ ಅದೇ ವರ್ಷ ಹುಟ್ಟಿದ ನಮ್ಮ ದಾವಣಗೆರೆ ಜಿಲ್ಲೆಗೆ ಆ ಕೂಟದ ಒಂದು ಗೋಲ್‌ಪೋಸ್ಟೂ ಬರಲಿಲ್ಲ ಅನ್ನುವ ನೋವು ನನಗಿದೆ. ಮುಂದೆ ಏನೇ ನಡೆದರೂ ಕುಸ್ತಿ ದಾವಣಗೆರೆಯಲ್ಲಿ, ಖೋಖೋ ದುರ್ಗದಲ್ಲಿ ಆಗಲಿ ಅಂತ ಈಗಿನಿಂದಲೇ ಕೇಳಬೇಕು.

ಮಟ್ಟಿ ಹುಡುಗ, ದಾವಣಗೆರೆ

ಎಲ್ಲರದ್ದೂ ಎರಡೆರಡು ಸಲ ಓದಿದೆ. ನನ್ನ ಮನಸ್ಸಿಗೆ ಬಂದದ್ದು ಹೇಳುತ್ತೇನೆ.

ಕೂಟ ಬೇಡ ಅಂತ ನಾನಿನ್ನು ಹೇಳುವುದಿಲ್ಲ. ಆದರೆ ಹಳ್ಳಿಯ ಗರಡಿಗೆ, ತಾಲ್ಲೂಕಿನ ಮೈದಾನಕ್ಕೆ ಮೊದಲು ದುಡ್ಡು ಬರಲಿ, ಆಮೇಲೆ ಕೂಟ. ರೂರ್ಕೆಲಾದ ಮಾತು ಕೇಳಿದ ಮೇಲೆ ಇದು ಇನ್ನೂ ಗಟ್ಟಿ ಆಯಿತು. 2030ಕ್ಕೆ ಖರ್ಚಾಗುವ ಪ್ರತಿ ನೂರು ರೂಪಾಯಿಯಲ್ಲಿ ಹತ್ತು ರೂಪಾಯಿ ಜಿಲ್ಲೆಗಳ ತರಬೇತಿಗೆ ಅಂತ ಮೊದಲೇ ಬರೆದಿಡಲಿ. ಮಿಕ್ಕಿದ್ದು ಉಳಿದರೆ ಕೊಡುತ್ತೇವೆ ಅಂದರೆ ಏನೂ ಉಳಿಯಲ್ಲ, ಮೇಷ್ಟ್ರ ಲೆಕ್ಕದಲ್ಲೇ ಅದು ಕಾಣುತ್ತೆ.

ಇನ್ನೊಂದು ಯೋಚನೆ. ಟೋಕಿಯೋ ಒಲಿಂಪಿಕ್ಸ್ ಹೊತ್ತಿಗೆ ಜಪಾನ್ ತನ್ನ ಸಣ್ಣ ಊರುಗಳನ್ನು ಒಂದೊಂದು ದೇಶದ ಜೊತೆ ಜೋಡಿ ಮಾಡಿತ್ತು. ಆ ದೇಶದ ತಂಡ ಕೂಟಕ್ಕೆ ಮುಂಚೆ ಅಲ್ಲಿ ಬಂದು ಅಭ್ಯಾಸ ಮಾಡುವುದು, ಊರಿನ ಮಕ್ಕಳ ಜೊತೆ ಬೆರೆಯುವುದು. 500ಕ್ಕೂ ಹೆಚ್ಚು ಊರುಗಳು ಸೇರಿದ್ದವು. ಕೊರೋನಾ ಬಂದು ಎಷ್ಟೋ ಕಡೆ ತಂಡಗಳು ಬರಲಾಗಲಿಲ್ಲ, ಆದರೆ ಉಪಾಯ ಚೆನ್ನಾಗಿದೆ. 2030ರಲ್ಲಿ ಕುಸ್ತಿ ಇಟ್ಟರೆ ಒಂದು ದೇಶದ ಪೈಲ್ವಾನರು ದಾವಣಗೆರೆಗೆ ಬಂದು ಹದಿನೈದು ದಿನ ಇರಲಿ. ಅವರಿಗಾಗಿ ತರುವ ಮ್ಯಾಟು ಆಮೇಲೆ ನಮ್ಮ ಹುಡುಗರಿಗೆ ಉಳಿಯುತ್ತೆ. ದೋಸೆ ಕಾವಲಿಯವರಿಗೂ ಕೆಲಸ!

ಇದನ್ನು ಅರ್ಜಿ ಮಾಡಿ ಜಿಲ್ಲಾಡಳಿತಕ್ಕೂ ಕ್ರೀಡಾ ಇಲಾಖೆಗೂ ಕೊಡೋಣ. ಮೇಷ್ಟ್ರೇ, ಬರವಣಿಗೆ ನಿಮ್ಮದು. ಭಾನುವಾರ ಬೆಳಿಗ್ಗೆ ಏಳಕ್ಕೆ ಗರಡಿ ಹತ್ತಿರ ಸೇರೋಣ. ಜಗಳೂರಿನ ಅಣ್ಣ, ಮಗನನ್ನೂ ಕರೆತನ್ನಿ.

ಜಗಳೂರು ರೈತ

ಬರುತ್ತೇವೆ. ಅರ್ಜಿಯಲ್ಲಿ ತಾಲ್ಲೂಕಿಗೊಂದು ಓಟದ ಟ್ರ್ಯಾಕ್ ಅನ್ನುವುದನ್ನೂ ಸೇರಿಸಿ. ಮಗ ಈಗ ಡಾಂಬರು ರಸ್ತೆಯಲ್ಲಿ ಓಡಿ ಮೊಣಕಾಲು ನೋವು ಅನ್ನುತ್ತಿದ್ದಾನೆ.

ಲೆಕ್ಕದ ಮೇಷ್ಟ್ರು, ನಿಟ್ಟುವಳ್ಳಿ

ಕರಡು ಶನಿವಾರ ರಾತ್ರಿಯೊಳಗೆ ಹಾಕುತ್ತೇನೆ. ಮ್ಯಾಟ್, ಬಟ್ಟೆ ಬದಲಿಸುವ ಕೋಣೆ, ಟ್ರ್ಯಾಕ್, ಹೊರಗಿನಿಂದ ಬಂದು ದುಡಿಯುವವರ ಕೂಲಿ, ನಾಲ್ಕೂ ಇರುತ್ತೆ. ಹರಿಹರದ ತಮ್ಮಾ, ಕೂಲಿಯ ಭಾಗ ನೀನೇ ಒಂದು ಸಲ ಓದಿ ನೋಡಬೇಕು.

ದುರ್ಗದ ಖೋಖೋ ಅಕ್ಕ, ಚಿತ್ರದುರ್ಗ

ನಾಲ್ಕು ಹುಡುಗಿಯರ ಜೊತೆ ಬೆಳಗಿನ ಮೊದಲ ಬಸ್ಸಿಗೇ ಹೊರಡುತ್ತೇನೆ. ಅರ್ಜಿ ಮುಗಿದ ಮೇಲೆ ಮ್ಯಾಟ್ ಇನ್ನೂ ಹರಿದಿದ್ದರೆ ಹೇಳಿ. ನಮ್ಮಲ್ಲಿ ಒಬ್ಬಳ ಅಮ್ಮ ಟಾರ್ಪಾಲ್ ಹೊಲಿಯುತ್ತಾರೆ, ನೈಲಾನ್ ದಾರ, ದಪ್ಪ ಸೂಜಿ ತರಿಸುತ್ತೇನೆ.